ಒಂದೇ ಮನೆಯಲ್ಲಿ ಇಬ್ಬರು ಕಸೂತಿಗಾರ್ತಿಯರು: ಪೈಪೋಟಿ ಬಿಟ್ಟು ಕೂಡಿ ದುಡಿಯುವುದು ಹೇಗೆ?

ಕೇಳಿದವರು: ಧಾರವಾಡದ ಓದುಗರು

ನಾನೂ ನನ್ನ ಹಿರಿಯ ಓರಗಿತ್ತಿಯೂ ಒಂದೇ ಮನೆಯಲ್ಲಿದ್ದು, ಇಬ್ಬರೂ ಇಳಕಲ್ ಸೀರೆಗಳಿಗೆ ಕಸೂತಿ ಹಾಕಿಕೊಡುತ್ತೇವೆ. ಮೊದಮೊದಲು ತೊಂದರೆಯೇನೂ ಇರಲಿಲ್ಲ. ಈಗ ಗಿರಾಕಿಗಳು ಅವರ ಬಳಿ ಒಂದು ದರ ಕೇಳಿಕೊಂಡು ನನ್ನ ಬಳಿ ಬಂದು, ಅದಕ್ಕಿಂತ ಕಡಿಮೆಗೆ ಮಾಡಿಕೊಡುತ್ತೀರಾ ಎನ್ನುತ್ತಾರೆ. ಒಪ್ಪಿದರೆ ಅವರಿಗೆ ನೋವು, ಒಪ್ಪದಿದ್ದರೆ ಕೆಲಸ ಮೂರನೆಯವರ ಪಾಲು. ಒಬ್ಬರು ಹೊಸ ಚಿತ್ತಾರ ಹಾಕುತ್ತಿರುವಾಗ ಇನ್ನೊಬ್ಬರು ಬಂದರೆ ಸೀರೆಯನ್ನು ಮಡಿಚಿಡುವ ಮಟ್ಟಕ್ಕೆ ಬಂದಿದ್ದೇವೆ. ಕೂಡಿ ಮಾಡುವ ಮನಸ್ಸು ಇಬ್ಬರಿಗೂ ಇದೆ, ಎಲ್ಲಿಂದ ತೊಡಗಬೇಕೆಂಬುದು ತಿಳಿಯುತ್ತಿಲ್ಲ. ಒಂದೇ ಕಸುಬಿನಲ್ಲಿರುವ ಹತ್ತಿರದವರೊಡನೆ ಕೂಡಿ ದುಡಿದವರು ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕು.

ಪುತ್ತೂರು ಕಡೆಯ ಹವ್ಯಾಸಿ ಅರ್ಥಧಾರಿ

ನನಗೆ ಸೂಜಿ ಹಿಡಿಯಲು ಬಾರದು, ಆದರೆ ಎದುರಿಗೆ ಕುಳಿತವರೊಡನೆ ಸೇರಿ ಒಂದನ್ನು ಕಟ್ಟುವ ಅಭ್ಯಾಸ ಯಕ್ಷಗಾನದ ತಾಳಮದ್ದಳೆಯಿಂದ ಬಂದಿದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ನಾವು ಎದುರುಬದುರು ಕುಳಿತು ಅದಕ್ಕೆ ಆಶುವಾಗಿ ಅರ್ಥ ಹೇಳುತ್ತೇವೆ. ಹೊರಗಿನವರಿಗೆ ಇದು ಬರೀ ವಾಗ್ಯುದ್ಧವಾಗಿ ಕಾಣುವುದು ಸಹಜ.

ವಾಲಿವಧೆಯನ್ನೇ ತೆಗೆದುಕೊಳ್ಳಿ. ಬಾಣ ತಾಗಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ರಾಮನನ್ನು ಕೇಳುತ್ತಾನೆ. ವಾಲಿಯ ಅರ್ಥ ಹೇಳುವವರು ಹಠಕ್ಕೆ ಬಿದ್ದರೆ ರಾಮನ ಯಾವ ಸಮಾಧಾನವನ್ನೂ ಒಪ್ಪದೆ ಉಳಿಯಬಹುದು, ಸಭೆಯಿಂದ ಚಪ್ಪಾಳೆಯನ್ನೂ ಗಿಟ್ಟಿಸಬಹುದು. ಆದರೆ ವಾಲಿ ಒಪ್ಪದೆ ಪ್ರಸಂಗ ಮುಂದೆ ಸಾಗದು. ಕೊನೆಗೆ ಭಾಗವತರೇ ಮುಂದಿನ ಪದ್ಯವನ್ನು ಎತ್ತಿಕೊಂಡು ಮಾತನ್ನು ಕಡಿಯಬೇಕಾಗುತ್ತದೆ. ಅಂಥ ರಾತ್ರಿ ಇಡೀ ಕೂಟವೇ ಸೋತಿರುತ್ತದೆ. ಹೆಸರಾಂತ ಅರ್ಥಧಾರಿಗಳಾದ ಶೇಣಿ ಗೋಪಾಲಕೃಷ್ಣ ಭಟ್ಟರೂ ಸಾಮಗ ಸಹೋದರರೂ ಎದುರುಬದುರಾದ ಕೂಟಗಳ ಮಾತೆತ್ತಿದರೆ, ಒಬ್ಬರ ಪ್ರಶ್ನೆಯಿಂದ ಇನ್ನೊಬ್ಬರ ಪಾತ್ರ ಎಷ್ಟು ಎತ್ತರಕ್ಕೆ ಹೋಯಿತೆಂಬುದನ್ನೇ ನಮ್ಮ ಕಡೆಯ ಹಿರಿಯರು ಈಗಲೂ ವರ್ಣಿಸುತ್ತಾರೆ.

ನನಗೆ ಅರ್ಥಗಾರಿಕೆ ಕಲಿಸಿದ ಹಿರಿಯರದೊಂದು ಪದ್ಧತಿಯಿತ್ತು. ಕೂಟಕ್ಕೆ ಮೊದಲು ಎದುರಿನ ಅರ್ಥಧಾರಿಯನ್ನು ಪಕ್ಕಕ್ಕೆ ಕರೆದು, "ನಾನು ಇಂಥ ಆಕ್ಷೇಪ ಎತ್ತುವವನಿದ್ದೇನೆ, ಉತ್ತರವನ್ನು ಮಾತ್ರ ಈಗ ಹೇಳಬೇಡಿ" ಎನ್ನುತ್ತಿದ್ದರು. ಪ್ರಶ್ನೆ ಮೊದಲೇ ಗೊತ್ತಿದ್ದುದರಿಂದ ಅವರ ಉತ್ತರಕ್ಕೆ ಆಳ ಬರುತ್ತಿತ್ತು. ಉತ್ತರ ಗೊತ್ತಿಲ್ಲದಿದ್ದುದರಿಂದ ಇವರ ಮರುಪ್ರಶ್ನೆಯೂ ಆ ಕ್ಷಣದಲ್ಲೇ ಹುಟ್ಟಬೇಕಾಗುತ್ತಿತ್ತು. ನೀವೂ ಮುಂದಿನ ಹೊಸ ಚಿತ್ತಾರವನ್ನು ಸೀರೆಗೆ ಹಾಕುವ ಮುನ್ನವೇ ನಿಮ್ಮ ಅಕ್ಕನಿಗೆ ತೋರಿಸಿ, ಅದರ ಸುತ್ತ ನೀವಾದರೆ ಏನು ಹಾಕುತ್ತಿದ್ದಿರಿ ಎಂದು ಕೇಳಿ ನೋಡಿ.

ಬಾದಾಮಿಯ ಬಟ್ಟೆ ವ್ಯಾಪಾರಿ

ಗಿರಾಕಿಗಳಿಗೆ ಇಬ್ಬರೂ ಒಂದೇ ದರ ಹೇಳಿರಿ. ಉಳಿದ ಮಾತೆಲ್ಲ ಅದಾದ ಮೇಲೆ.

ಮೈಸೂರಿನ ಘಟವಾದಕ

ಮೇಲಿನ ಅರ್ಥಧಾರಿಗಳ ಮಾತನ್ನು ಒಪ್ಪುತ್ತಲೇ ಒಂದು ಎಚ್ಚರವನ್ನು ಸೇರಿಸಬಯಸುತ್ತೇನೆ. ಕೂಡಿ ಮಾಡುವುದೆಂದರೆ ಎಲ್ಲವನ್ನೂ ಕಲಸಿಬಿಡುವುದು ಎಂದು ಭಾವಿಸಬೇಡಿ. ಸಂಗೀತ ಕಚೇರಿಯಲ್ಲಿ ತಾಳವಾದ್ಯದವರಿಗೇ ಬಿಟ್ಟುಕೊಡುವ ತನಿ ಆವರ್ತನದಲ್ಲಿ ಮೊದಲು ಮೃದಂಗದವರು ತಮ್ಮ ಪಾಲನ್ನು ವಿಸ್ತಾರವಾಗಿ ನುಡಿಸುತ್ತಾರೆ, ಬಳಿಕ ನನ್ನ ಸರದಿ. ಆಮೇಲೆ ಬರುವ ಕುರೈಪ್ಪಿನಲ್ಲಿ ಸರದಿಗಳು ಚಿಕ್ಕದಾಗುತ್ತ ಹೋಗಿ ಕೊನೆಗೆ ಇಬ್ಬರೂ ಒಟ್ಟಾಗಿ ಮೊಹರಾ ಮತ್ತು ಕೋರ್ವೆ ಎಂಬ ಮುಕ್ತಾಯದ ನುಡಿಕೆಗಳಿಗೆ ಬಂದು ಸೇರುತ್ತೇವೆ. ಆರಂಭದಲ್ಲಿ ಬೇರೆಬೇರೆಯಾಗಿ ನುಡಿಸಲು ಅವಕಾಶವಿದ್ದುದರಿಂದಲೇ ಆ ಸೇರುವಿಕೆಗೆ ಬೆಲೆ. ಆದುದರಿಂದ ನಿಮಗೆ ನಿಮ್ಮದೇ ಗಿರಾಕಿಗಳಿರಲಿ, ಅವರಿಗೆ ಅವರದೇ ಇರಲಿ. ಎಲ್ಲ ಕೆಲಸವನ್ನೂ ಒಂದೇ ಬುಟ್ಟಿಗೆ ಹಾಕಿದ ಜೋಡಿಗಳು ಬೇಗ ಮುನಿಸಿಕೊಂಡದ್ದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ.

ಹುಬ್ಬಳ್ಳಿಯ ಹಿರಿಯ ಕಸೂತಿಗಾರ್ತಿ

ತಂಗಿ, ನಾನೂ ನನ್ನ ನಾದಿನಿಯೂ ಬಹಳ ವರ್ಷ ಒಂದೇ ಸೀರೆಗೆ ಕೈ ಹಾಕಿದವರು, ಆದುದರಿಂದ ಕೆಲಸದ ಮಾತನ್ನೇ ಹೇಳುತ್ತೇನೆ. ಒಂದೇ ಚಿತ್ತಾರವನ್ನು ಇಬ್ಬರು ಅರ್ಧರ್ಧ ಹಂಚಿಕೊಳ್ಳಲೇಬಾರದು. ಗವಂತಿ ಹೊಲಿಗೆಯಲ್ಲಿ ಸೂಜಿ ಎಳೆ ಎಣಿಸುತ್ತ ಒಂದು ದಾರಿಯಲ್ಲಿ ಹೋಗಿ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗಬೇಕು. ಹಾಗೆ ಬಂದರೆ ಮಾತ್ರ ಗಂಟು ಕಾಣದೆ ಸೀರೆಯ ಎರಡೂ ಬದಿ ಒಂದೇ ರೀತಿ ತೋರುತ್ತದೆ. ಹೋದವರು ಒಬ್ಬರು, ತಿರುಗಿ ಬಂದವರು ಇನ್ನೊಬ್ಬರು ಎಂದಾದರೆ, ಒಬ್ಬರ ಕೈ ಬಿಗಿ, ಇನ್ನೊಬ್ಬರದು ಸಡಿಲವಾಗಿ ಬಟ್ಟೆ ನಿರಿಗೆಗಟ್ಟುತ್ತದೆ. ಮೆಟ್ಟಿಲಿನಂತೆ ಸಾಗುವ ಮುರಗಿ ಹೊಲಿಗೆಗೂ ಇದೇ ಮಾತು.

ನಾವು ಮಾಡುತ್ತಿದ್ದುದು ಹೀಗೆ. ಸೆರಗಿನ ಗೋಪುರ, ತೇರು, ಆನೆಗಳ ಗೆರೆಗಳನ್ನು ಗವಂತಿಯಲ್ಲಿ ನಾನು ಮುಗಿಸುತ್ತಿದ್ದೆ. ನಾದಿನಿಯದು ನೇಗಿ ಹೊಲಿಗೆಯಲ್ಲಿ ಎತ್ತಿದ ಕೈ, ಆದುದರಿಂದ ನೇಯ್ದಂತೆ ಕಾಣಬೇಕಾದ ತುಂಬಿಕೆ ಅವಳಿಗೆ ಮೀಸಲು. ಎಳೆಗಳು ಒಂದನ್ನೊಂದು ಅಡ್ಡ ದಾಟುವ ಹೆಂತೆ ಹೊಲಿಗೆ ದಾರವನ್ನು ಹೆಚ್ಚು ನುಂಗುತ್ತದೆ, ಬಟ್ಟೆಗೆ ಭಾರವೂ ಹೌದು. ಅದು ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದರ ಮೇಲೆ ನಮ್ಮಿಬ್ಬರಲ್ಲಿ ಜಗಳವೇ ನಡೆಯುತ್ತಿತ್ತು. ನಡೆಯಲಿ ಬಿಡಿ, ಅಂಥ ಜಗಳದಿಂದ ಸೀರೆ ಚೆನ್ನಾಗುತ್ತದೆ. ದರದ ಜಗಳದಿಂದ ಯಾವ ಸೀರೆಯೂ ಚೆನ್ನಾದದ್ದನ್ನು ನಾನು ಕಾಣೆ. ಒಬ್ಬರು ಸೀರೆಯನ್ನೂ ಇನ್ನೊಬ್ಬರು ಅದಕ್ಕೊಪ್ಪುವ ಖಣದ ಕುಪ್ಪಸವನ್ನೂ ಹಿಡಿಯುವುದು ಇನ್ನೂ ಸುಲಭದ ಹಂಚಿಕೆ; ಹೊಸದಾಗಿ ತೊಡಗುವವರು ಅದರಿಂದಲೇ ತೊಡಗಬಹುದು.

ಹಣದ ವಿಷಯದಲ್ಲಿ ಸಂಕೋಚ ಬೇಡ. ಕೂಡಿ ಮಾಡಿದ ಕೆಲಸಕ್ಕೆ ಬೇರೆಯೇ ಒಂದು ಲೆಕ್ಕದ ಪುಸ್ತಕವಿಟ್ಟು, ಯಾರು ಯಾವ ಚಿತ್ತಾರ ಹಾಕಿದರೆಂದು ಅಂದೇ ಬರೆದಿಡಿ. ಸೀರೆ ನೋಡಿದವರು ಯಾರು ಹಾಕಿದ್ದು ಎಂದು ಕೇಳಿದಾಗ, ಅಲ್ಲಿ ಇಲ್ಲದವರ ಹೆಸರನ್ನು ಮೊದಲು ಹೇಳುವ ರೂಢಿಯನ್ನೂ ಇಟ್ಟುಕೊಳ್ಳಿ. ನನ್ನ ನಾದಿನಿ ಇದನ್ನು ನನಗಿಂತ ಮೊದಲು ಕಲಿತಳು, ಅವಳ ಬಾಯಿಂದ ನನ್ನ ಹೆಸರು ಕೇಳಿಕೊಂಡು ಬಂದ ಗಿರಾಕಿಗಳೇ ನನಗೆ ಹೆಚ್ಚು.

ಕೇಳಿದವರು: ಧಾರವಾಡದ ಓದುಗರು

ಎಲ್ಲರಿಗೂ ಕೃತಜ್ಞತೆಗಳು. ಉತ್ತರಗಳನ್ನು ಅಕ್ಕನಿಗೆ ಓದಿ ಹೇಳಿದೆ. ಗವಂತಿಯ ಮಾತು ಬಂದಾಗ ತಮ್ಮ ಕೈ ಬಿಗಿಯೆಂದು ಅವರೇ ಹೇಳಿಕೊಂಡರು. ನನ್ನದು ಸಡಿಲವೆಂಬುದನ್ನೂ ಸೇರಿಸಲು ಮರೆಯಲಿಲ್ಲ. ಸದ್ಯ ಮನೆಗೆ ಬಂದಿರುವ ಕಪ್ಪು ಚಂದ್ರಕಾಳಿ ಸೀರೆ ಅವರಿಗೆ, ಅದರ ಕುಪ್ಪಸ ನನಗೆ ಎಂದು ಮಾತಾಗಿದೆ. ಅದನ್ನು ತಂದ ಗಿರಾಕಿ ಇಬ್ಬರ ಬಳಿಯೂ ಬೇರೆಬೇರೆಯಾಗಿ ದರ ಕೇಳಿ ಹೋದವರು. ಅವರಿಗೆ ಈ ವಾರ ಒಂದೇ ಚೀಟಿಯಲ್ಲಿ, ಎರಡೂ ಹೆಸರು ಹಾಕಿ, ದರ ಬರೆದು ಕಳುಹಿಸುತ್ತಿದ್ದೇವೆ.