ಬಿಚೋಲಿ ಗಣಿ ಕೆಳಗಿನ ಗದ್ದೆ: ವಿಕಿರಣ ಪರೀಕ್ಷೆಗೆ ಮಣ್ಣು ತೆಗೆಯೋದು ಹೇಗೆ? ಪೊಟ್ಯಾಷ್ ನಿಲ್ಲಿಸಬೇಕಾ?

ಕೆಂಪುಗದ್ದೆ (ಗೋವಾ):
ಬಿಚೋಲಿ ತಾಲೂಕಲ್ಲಿ ಕಬ್ಬಿಣದ ಗಣಿ ದಿಬ್ಬದ ಕೆಳಗೆ ಎರಡು ಎಕರೆ ಭತ್ತದ ಗದ್ದೆ. ಮಳೆಗಾಲದಲ್ಲಿ ಕೆಂಪು ಹೂಳು ಹರಿದು ಬಂದು ಕೂರುತ್ತದೆ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 (ಪೊಟ್ಯಾಸಿಯಂನ ವಿಕಿರಣ ಸೂಸುವ ರೂಪ) ನೋಡಿಸಬೇಕು. ಮಣ್ಣು ಎಲ್ಲಿಂದ, ಎಷ್ಟು ತೆಗೆಯಬೇಕು? ಪೊಟ್ಯಾಷ್ ಗೊಬ್ಬರದಲ್ಲೇ ವಿಕಿರಣ ಇದೆ ಅಂತಾರೆ, ಹಾಕೋದು ಬಿಡಬೇಕಾ?

ಗಾಮಾ609:
ಕೊಯ್ಲಾದ ಮೇಲೆ, ಗೊಬ್ಬರ ಬೀಳುವ ಮೊದಲು ತೆಗೆಯಿರಿ. ಮೇಲಿನ 5 ಸೆಂ.ಮೀ. ಒಂದು ಚೀಲಕ್ಕೆ, 5ರಿಂದ 20 ಸೆಂ.ಮೀ. ಇನ್ನೊಂದಕ್ಕೆ. ಎರಡನ್ನೂ ಬೆರೆಸಿದರೆ ದಿಬ್ಬದಿಂದ ಬಂದದ್ದೆಷ್ಟು, ಗದ್ದೆಯದ್ದೆಷ್ಟು ಗೊತ್ತಾಗಲ್ಲ. ಎಂಟು-ಹತ್ತು ಕಡೆ ಅಗೆದು, ಆಯಾ ಪದರದ ಮಣ್ಣು ಕೂಡಿಸಿ ತಲಾ 1 ಕೆಜಿ ಸಾಕು. ಬದು, ಲಾರಿ ರಸ್ತೆಯಂಚು ಬೇಡ. ಹೋಲಿಕೆಗೆ ಹೂಳು ಮುಟ್ಟದ ಗದ್ದೆಯದೂ ಬೇಕು, ಅದೂ ಜಂಬಿಟ್ಟಿಗೆ ಮಣ್ಣೇ ಆಗಿರಲಿ. ಜಂಬಿಟ್ಟಿಗೆಯಲ್ಲಿ ಮಳೆ ಪೊಟ್ಯಾಸಿಯಂ ತೊಳೆದುಬಿಡುತ್ತದೆ, ಕರಗದ ಥೋರಿಯಂ ಉಳಿಯುತ್ತದೆ. ಹೊಳೆದಂಡೆ ಮಣ್ಣಿಗೆ ಹೋಲಿಸಿದರೆ ಗಣಿಯ ಮೇಲೆ ಸುಳ್ಳು ಆರೋಪ ಬರುತ್ತದೆ.

ಲ್ಯಾಬಿನವರನ್ನು ಕೇಳಲೇಬೇಕಾದ ಒಂದು ಮಾತು: ಡಬ್ಬಿ ಎಷ್ಟು ದಿನ ಸೀಲ್ ಮಾಡಿಟ್ಟಿರಿ? ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ರೇಡಿಯಂ-226 ಅನ್ನು ಅಳೆಯುವುದು, ಅದು ಕ್ಷಯಿಸಿ ಆಗುವ ಬಿಸ್ಮತ್-214ರ 609 ಕೆಇವಿ (ಶಕ್ತಿಯ ಅಳತೆ) ಗಾಮಾ ಗೆರೆಯಿಂದ. ನಡುವೆ ರೇಡಾನ್ ಅನಿಲ ಇದೆ, ಅದು ತಪ್ಪಿಸಿಕೊಳ್ಳಬಲ್ಲದು; ಅರ್ಧಾಯುಷ್ಯ (ಅರ್ಧ ಭಾಗ ಕ್ಷಯಿಸುವ ಕಾಲ) 3.8 ದಿನ. ನಾಲ್ಕು ವಾರ ಗಾಳಿಯಾಡದಂತೆ ಇಡದಿದ್ದರೆ, ಅಥವಾ ಮುಚ್ಚಳ ಸೋರಿದರೆ, ರೇಡಿಯಂ ಕಡಿಮೆ ತೋರಿಸುತ್ತದೆ. ಪೊಟ್ಯಾಸಿಯಂ-40ರ 1461 ಗೆರೆಗೆ ಈ ತೊಂದರೆಯಿಲ್ಲ.

ಕೈಯಲ್ಲಿ ಹಿಡಿಯುವ ಗೈಗರ್ ಕೌಂಟರ್ ಇದಕ್ಕೆ ಬೇಡ, ಯಾವ ಧಾತು ಅಂತ ಅದು ಹೇಳುವುದಿಲ್ಲ.

ಒಂದುಮೂಟೆ:
ವರದಿಯಲ್ಲಿ ರೇಡಿಯಂ 40, ಥೋರಿಯಂ 60, ಪೊಟ್ಯಾಸಿಯಂ-40 200 ಬೆಕೆರೆಲ್/ಕೆಜಿ (ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯ) ಬಂತು ಅನ್ನಿ. ಮೂರನ್ನೂ ಒಂದೇ ಅಂಕಿಗೆ ತರುವ ರೇಡಿಯಂ ಸಮಾನಾಂಕ = 40 + 1.43×60 + 0.077×200, ಅಂದರೆ ಸುಮಾರು 141. ಕಟ್ಟಡ ಸಾಮಗ್ರಿಗೆ ಬಳಸುವ ಮಿತಿ 370.

ಪೊಟ್ಯಾಷ್ ನಿಲ್ಲಿಸಬೇಡಿ, ದಯವಿಟ್ಟು. 50 ಕೆಜಿ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಮೂಟೆಯಲ್ಲಿ ಸುಮಾರು 7.7 ಲಕ್ಷ ಬೆಕೆರೆಲ್ ಇದೆ, ಕೇಳಿದರೆ ಗಾಬರಿಯಾಗುತ್ತದೆ. ಆದರೆ ಒಂದು ಎಕರೆಯ ಮೇಲಿನ 20 ಸೆಂ.ಮೀ. ಮಣ್ಣೇ ಸುಮಾರು 10 ಲಕ್ಷ ಕೆಜಿ. ಹಂಚಿದರೆ ಕೆಜಿಗೆ 1 ಬೆಕೆರೆಲ್ ಕೂಡ ಏರಲ್ಲ. ಅಕ್ಕಿಯಲ್ಲಿ ಬಂದರೂ ದೇಹ ತನಗೆ ಬೇಕಾದಷ್ಟೇ ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದು ಹೊರಹಾಕುತ್ತದೆ.

ಕಬ್ಬಿಣದ ಅದಿರು ಯುರೇನಿಯಂ ಅದಿರಲ್ಲ. ಈ ಹೂಳಿನಲ್ಲಿ ನನಗೆ ಹೆಚ್ಚು ಅನುಮಾನ ಕಬ್ಬಿಣ, ಮ್ಯಾಂಗನೀಸ್ ಮೇಲೆ. ನೀರು ನಿಂತ ಗದ್ದೆಯಲ್ಲಿ ಕಬ್ಬಿಣ ಕರಗುವ ರೂಪಕ್ಕೆ ತಿರುಗಿ ಬೇರಿಗೆ ನುಗ್ಗುತ್ತದೆ. ಕೆಳಗಿನ ಎಲೆಗಳಲ್ಲಿ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾದರೆ ಅದೇ. ಪೊಟ್ಯಾಷ್ ಕೊರತೆಯಿದ್ದ ಪೈರಿಗೆ ಈ ಹೊಡೆತ ಇನ್ನೂ ಜೋರು.

ಕೆಂಪುಗದ್ದೆ:
ಹಾಗಾದರೆ ಅದೇ ಚೀಲದ ಮಣ್ಣಲ್ಲಿ ಕಬ್ಬಿಣ, ಮ್ಯಾಂಗನೀಸನ್ನೂ ನೋಡಿಸಬಹುದಾ?

ಗಾಮಾ609:
ನೋಡಿಸಬಹುದು. ಆದರೆ ಆ ಪಾಲನ್ನು ಮೊದಲೇ ಬೇರೆ ತೆಗೆದು ನೆರಳಲ್ಲಿ ಒಣಗಿಸಿ. ವಿಕಿರಣದ ಮಣ್ಣನ್ನು ಓವನ್‌ನಲ್ಲಿ 110 ಡಿಗ್ರಿಗೆ ಕಾಯಿಸುತ್ತಾರೆ, ಅದರಲ್ಲಿ ಡಿಟಿಪಿಎ ಪರೀಕ್ಷೆ (ಬೆಳೆಗೆ ಸಿಗುವ ಕಬ್ಬಿಣ, ಮ್ಯಾಂಗನೀಸ್ ಅಳೆಯುವ ಪರೀಕ್ಷೆ) ಮಾಡಿದರೆ ಮ್ಯಾಂಗನೀಸ್ ಇಲ್ಲದಷ್ಟು ಏರುತ್ತದೆ. ತುಕ್ಕು ಹಿಡಿದ ಗುದ್ದಲಿಯೂ ಬೇಡ. ಗುದ್ದಲಿ ತಾಗಿದ ಮಗ್ಗುಲನ್ನು ಮರದ ಪಟ್ಟಿಯಿಂದ ಕೆರೆದು ಹಾಕಿ, ಒಳಗಿನದು ಮಾತ್ರ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ.