ಪದ ಬೇಕು: ಲಿಂಕ್ ಹೋದಾಗ ಪರದೆಯ ಮೇಲೆ ಏನಂತ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ವಿದ್ಯುತ್ ಉಪಕೇಂದ್ರಗಳ ಆಪರೇಟರುಗಳಿಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಪದಗಳು ಸಿಗುತ್ತಿಲ್ಲ.

ಉಪಕೇಂದ್ರದ ಆರ್‌ಟಿಯು (ರೀಡಿಂಗ್ ತೆಗೆದು ದೂರಕ್ಕೆ ಕಳಿಸುವ ಪೆಟ್ಟಿಗೆ), ಕಂಟ್ರೋಲ್ ರೂಮಿನ ಸ್ಕಾಡಾಗೆ (ಅದನ್ನು ಪರದೆಯ ಮೇಲೆ ತೋರಿಸುವ ವ್ಯವಸ್ಥೆ) ಐಇಸಿ 104 ಪ್ರೋಟೊಕಾಲಿನಲ್ಲಿ ರೀಡಿಂಗ್ ಕಳಿಸುತ್ತದೆ. ಹೆಚ್ಚಾಗಿ ರೀಡಿಂಗ್ ಬದಲಾದಾಗ ಮಾತ್ರ ಕಳಿಸುವ ಹಾಗೆ ಇಟ್ಟಿರುತ್ತಾರೆ. ಹಾಗಾಗಿ ಲಿಂಕು ಸುಮ್ನಿದ್ದರೆ ಏನೂ ಬದಲಾಗಿಲ್ಲ ಅಂತಲೂ ಇರಬಹುದು, ನಡುವೆ ಎಲ್ಲೋ ಒಂದು ನೆಟ್‌ವರ್ಕ್ ಸ್ವಿಚ್ ಕೆಟ್ಟಿದೆ ಅಂತಲೂ ಇರಬಹುದು. ಅಲ್ಲಿ ಫೀಡರ್ (ಊರಿಗೆ ಕರೆಂಟ್ ಒಯ್ಯುವ ಲೈನು) ಟ್ರಿಪ್ ಆಗಿ ಕರೆಂಟ್ ನಿಂತಿರುತ್ತದೆ, ಇಲ್ಲಿ ಪರದೆಯ ಮೇಲೆ 140 ಆಂಪಿಯರ್ ಹಾಗೇ ನಿಂತಿರುತ್ತದೆ. 104ರ ಸಂದೇಶಗಳನ್ನು ಹೊತ್ತೊಯ್ಯುವ ಟಿಸಿಪಿ ಎಂಬ ನೆಟ್‌ವರ್ಕ್ ಪ್ರೋಟೊಕಾಲನ್ನು ನಂಬಿ ಕೂತರೆ ಆಗದು. ಲಿನಕ್ಸಿನಲ್ಲಿ ಟಿಸಿಪಿಯ ಕೀಪ್‌ಅಲೈವ್ (ಆ ತುದಿ ಇನ್ನೂ ಇದೆಯಾ ಅಂತ ವಿಚಾರಿಸುವ ಸೌಲಭ್ಯ) ಹಾಕಿದರೂ, ಸೆಟ್ಟಿಂಗ್ ಮುಟ್ಟದಿದ್ದರೆ ಅದು ಮೊದಲ ಸಲ ವಿಚಾರಿಸುವುದೇ 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ! ಅದಕ್ಕೇ 104ರಲ್ಲಿ ಟೆಸ್ಟ್ ಫ್ರೇಮ್ ಅಂತ ಬೇರೆಯೇ ಇದೆ. ರೂಢಿಯ ಸೆಟ್ಟಿಂಗಿನಲ್ಲಿ, 20 ಸೆಕೆಂಡ್ ಏನೂ ಬರದಿದ್ದರೆ ‘ಇದ್ದೀಯಾ?’ ಅಂತ ಕೇಳುತ್ತದೆ. ಇನ್ನು 15 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಕನೆಕ್ಷನ್ ಮುಚ್ಚಿಬಿಡುತ್ತದೆ.

ಹೀಗೆ ಮುಚ್ಚಿದಾಗ ಪರದೆಯ ಮೇಲೆ ಏನು ತೋರಿಸಬೇಕು? ‘ಸಂಪರ್ಕ ಕಡಿತ’ ಅಂತ ಒಬ್ಬರು ಸೂಚಿಸಿದರು. ಆದರೆ ಕರೆಂಟಿನವರ ಬಾಯಲ್ಲಿ ಸಂಪರ್ಕ ಕಡಿತ ಅಂದರೆ ಬಿಲ್ ಕಟ್ಟದವರ ಮನೆ ಫ್ಯೂಸ್ ಕಿತ್ತದ್ದು, ಅಲ್ವಾ? ಯಾರೋ ಬೇಕಂತಲೇ ಕಡಿದ ಹಾಗೆ ಕೇಳಿಸುತ್ತದೆ. ನನಗೆ ‘ಸಂಪರ್ಕ ತಪ್ಪಿದೆ’ ವಾಸಿ ಅನಿಸುತ್ತದೆ. ಪಕ್ಕದಲ್ಲಿ ‘ಹಳೇ ರೀಡಿಂಗ್’ ಅಂತಲೂ ಇರಲೇಬೇಕು, ಇಲ್ಲದಿದ್ದರೆ ಆ 140ನ್ನೇ ನಿಜ ಅಂದುಕೊಳ್ಳುತ್ತಾರೆ.

ಎರಡನೆಯದು ಜಾಸ್ತಿ ತಲೆನೋವು. ಒಂದು ತುದಿ ಹೋಗಿದೆ, ಇನ್ನೊಂದು ತುದಿ ಮಾತ್ರ ಕನೆಕ್ಷನ್ ಇದೆ ಅಂತಲೇ ಕಾಯುತ್ತಿದೆ. ನೆಟ್‌ವರ್ಕಿನವರು ಇದನ್ನು ‘ಹಾಫ್ ಓಪನ್’ ಅನ್ನುತ್ತಾರೆ. ‘ಅರೆತೆರೆದ’ ಅಂತ ಬರೆದರೆ ಉಪಕೇಂದ್ರದಲ್ಲಿ ಅರ್ಥವೇ ತಿರುಗುಮುರುಗಾಗುತ್ತದೆ. ನೆಟ್‌ವರ್ಕಿನಲ್ಲಿ ಓಪನ್ ಅಂದರೆ ನಡೆಯುತ್ತಿದೆ ಅಂತ. ಬ್ರೇಕರ್ ಓಪನ್ ಅಂದರೆ ಕರೆಂಟ್ ಹರಿಯುತ್ತಿಲ್ಲ ಅಂತ! ಸದ್ಯಕ್ಕೆ ‘ಹುಸಿ ಸಂಪರ್ಕ’ ಅಂತ ಹಾಕಿದ್ದೇನೆ. ‘ಒಂಟಿತುದಿ ಸಂಪರ್ಕ’ ಕೂಡ ಹೊಳೆಯಿತು, ಆದರೆ ಬಾಯಲ್ಲಿ ಸಲೀಸಾಗಿ ಬರುವುದಿಲ್ಲ.

ಆಪರೇಟರುಗಳಂತೂ ಎರಡಕ್ಕೂ ‘ಆರ್‌ಟಿಯು ಮಾತಾಡ್ತಿಲ್ಲ ಸಾರ್’ ಅಂದುಬಿಡುತ್ತಾರೆ. ಪರದೆಗೂ ಅದನ್ನೇ ತರಬಹುದಾ? ಹಳೆಯ ವೈರ್‌ಲೆಸ್, ಟೆಲಿಫೋನ್ ಕೆಲಸದಲ್ಲಿದ್ದವರು ಏನನ್ನುತ್ತಿದ್ದರು ಅಂತ ಗೊತ್ತಿದ್ದರೆ ತಿಳಿಸಿ. ಪರದೆಯಲ್ಲಿ ಒಂದೊಂದು ಸೂಚನೆಗೆ ಎರಡು ಪದಕ್ಕಿಂತ ಹೆಚ್ಚು ಹಿಡಿಸುವುದಿಲ್ಲ.