ನಮ್ಮ ಮನೆ ಗುಂಪಿನಲ್ಲಿ ಹೊಟ್ಟೆ ಹುಣ್ಣಿನ ಜಗಳ

ದೊಡ್ಡಪ್ಪ, ಬೆಳಿಗ್ಗೆ 6:40: (ಫಾರ್ವರ್ಡ್) "ಅಲ್ಸರ್‌ಗೆ ಆಪರೇಷನ್ ಅನ್ನೋದೇ ದೊಡ್ಡ ಮೋಸ! ಹಸಿ ಎಲೆಕೋಸಿನ ರಸ, ತಣ್ಣನೆ ಹಾಲು, 21 ದಿನ. ಎಂಥಾ ಹುಣ್ಣೂ ಮಾಯ. ಹತ್ತು ಜನಕ್ಕೆ ಕಳಿಸಿ, ಒಂದು ಜೀವ ಉಳಿಸಿ."

ಅತ್ತೆ: ಒಳ್ಳೇ ಮಾಹಿತಿ ಅಣ್ಣ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನ ಯಾರಿಗೂ ಕಳಿಸಬೇಡಿ. ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಬಸ್ ಹತ್ತಿದೀನಿ. ಹುಣ್ಣು ಇರೋದು ಬೇರೆ, ಹುಣ್ಣು ತೂತಾಗೋದು ಬೇರೆ. ಬರೀ ಹುಣ್ಣಿಗೆ ಈಗ ಯಾರೂ ಹೊಟ್ಟೆ ಕೊಯ್ಯಲ್ಲ, ಮಾತ್ರೆಯಲ್ಲೇ ವಾಸಿ ಆಗುತ್ತೆ. ತೂತಾದ ಮೇಲೆ ಹಾಲು ಕುಡಿಸಿದ್ರೆ ಆ ಹಾಲು ತೂತಿನಿಂದ ಆಚೆ ಬಂದು ಕರುಳುಗಳ ಮಧ್ಯೆ ಸುರಿಯುತ್ತೆ.

ದೊಡ್ಡಪ್ಪ: ಕೊಯ್ಯಲ್ಲ ಅಂತೀಯ. ನಿನ್ನ ಅಜ್ಜನಿಗೆ 1979ರಲ್ಲಿ ಅರ್ಧ ಜಠರ ತೆಗೆದ್ರು. ಆಮೇಲೆ ಹಬ್ಬದ ದಿನ ಒಂದು ಲೋಟ ಪಾಯಸ ಕುಡಿದ್ರೆ ಕಾಲು ಗಂಟೆಗೆಲ್ಲ ಬೆವರು, ಎದೆ ಡವಡವ, ಗೋಡೆ ಹಿಡ್ಕೊಂಡು ಕೂರೋರು. ಸಾಯೋ ತನಕ ಪಂಕ್ತಿಯಲ್ಲಿ ಕೂತು ಉಣ್ಣಲಿಲ್ಲ. ನಿಮ್ಮಪ್ಪನನ್ನೂ ಅದೇ ಕತ್ತರಿ ತಗೊಂಡು ಹೋಯ್ತು. ನಾನು ಕಣ್ಣಾರೆ ಕಂಡದ್ದು ಹೇಳ್ತಿದೀನಿ.

ನಾನು: ಅಜ್ಜನ ವಿಷಯ ನೀವು ಹೇಳಿದ್ದು ಅಕ್ಷರಶಃ ಸರಿ. ಅದಕ್ಕೆ ಡಂಪಿಂಗ್ ಅಂತಾರೆ, ಸಿಹಿ ಒಮ್ಮೆಲೇ ಸಣ್ಣ ಕರುಳಿಗೆ ಜಾರಿ ಹಾಗಾಗೋದು. ಆಗ ಹುಣ್ಣಿಗೆ ಆಮ್ಲವೇ ಮೂಲ ಅಂತಿದ್ರು, ಅದಕ್ಕೇ ಆಮ್ಲ ಸುರಿಸೋ ಭಾಗ ತೆಗೆಯೋರು, ಇಲ್ಲ ಜಠರಕ್ಕೆ ಹೋಗೋ ನರ ಕತ್ತರಿಸೋರು. ಆಮೇಲೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ವಾರೆನ್, ಮಾರ್ಷಲ್ ಇಬ್ಬರೂ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಕ್ರಿಮಿ ಕಾರಣ ಅಂದ್ರು. ಯಾರೂ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಕ್ರಿಮಿ ಬೆಳೆಸಿದ ದ್ರಾವಣವನ್ನ ತಾನೇ ಕುಡಿದು ಜಠರ ಉರಿಯೂತ ತರಿಸ್ಕೊಂಡ್ರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಜ್ಜ ಇವತ್ತು ಇದ್ದಿದ್ರೆ ಎರಡು ವಾರದ ಮಾತ್ರೆಯಲ್ಲಿ ಮುಗೀತಿತ್ತೇನೋ ಅಂತ ನನಗೂ ಎಷ್ಟೋ ಸಲ ಅನಿಸಿದೆ.

ಭಾವ: ನಮ್ಮ ಆಫೀಸಿನವರೊಬ್ಬರಿಗೆ ರಕ್ತ ವಾಂತಿ ಆಗಿತ್ತು. ಬಾಯಿಂದ ಪೈಪ್ ಹಾಕಿ ಕ್ಲಿಪ್ ಹಾಕಿದ್ರು, ಅಷ್ಟೇ. ಹಾಗಾದ್ರೆ ತೂತಿಗೆ ಯಾಕೆ ಕೊಯ್ಯಬೇಕು?

ನಾನು: ರಕ್ತಸ್ರಾವಕ್ಕೆ ಮೊದಲು ಎಂಡೋಸ್ಕೋಪಿನೇ ಭಾವ, ಅದರಲ್ಲೂ ನಿಲ್ಲದಿದ್ರೆ ಮುಂದಿನದು. ತೂತು ಹಾಗಲ್ಲ, ಒಳಗೆ ಸುರಿದದ್ದನ್ನೆಲ್ಲ ತೊಳೀಬೇಕಲ್ಲ. ಲೀಟರ್‌ಗಟ್ಟಲೆ ಸಲೈನ್ ಹಾಕಿ ತೊಳೆದು, ಕರುಳಿನ ಮೇಲೆ ಸೆರಗಿನ ಹಾಗೆ ಇಳಿಬಿದ್ದಿರೋ ಕೊಬ್ಬಿನ ಪದರದ ಒಂದು ತುಂಡನ್ನ ತೂತಿನ ಮೇಲೆ ಕೂರಿಸಿ ಹೊಲೀತಾರೆ. ಟೊರಾಂಟೋದ ಗ್ರಹಾಂ 1937ರಲ್ಲಿ ಬರೆದ ವಿಧಾನ, ಇವತ್ತಿಗೂ ಹೆಚ್ಚುಕಮ್ಮಿ ಅದೇ. ಜಠರ ಇದ್ದಲ್ಲೇ ಇರುತ್ತೆ.

ಅತ್ತೆ: ಸೋಡಾ ಕುಡಿದಾಗ ನಿಮ್ಮಪ್ಪನಿಗೆ ನೋವು ಇಳಿದಿತ್ತಲ್ಲೇ. ಆಸ್ಪತ್ರೆಗೆ ಹೋದ ಮೇಲೇ ಕೆಟ್ಟದ್ದು.

ನಾನು: ಅತ್ತೆ, ಈ ಮಾತು ಈ ಗುಂಪಲ್ಲಿ ಮೂರನೇ ಸಲ ಓದ್ತಿದೀನಿ. ಇವತ್ತು ಬರೆದೇ ಬಿಡ್ತೀನಿ.
ಅಪ್ಪ ಎರಡು ತಿಂಗಳಿಂದ ಸೊಂಟ ನೋವಿಗೆ ಮಾತ್ರೆ ನುಂಗ್ತಿದ್ರು. ನೋವಿನ ಮಾತ್ರೆ ಜಠರದ ಒಳಪದರ ಸವೆಸುತ್ತೆ. ಬೆಳಗಿನ ಜಾವ 4 ಗಂಟೆಗೆ ಚಾಕು ಹಾಕಿದ ಹಾಗೆ ನೋವು. ಮೊಣಕಾಲು ಮಡಚಿ ಅಲುಗದೆ ಮಲಗಿದ್ರು, ಅಮ್ಮ ಮಂಚದ ತುದಿಗೆ ಕೂತ್ರೂ ಕೂಗ್ತಿದ್ರಂತೆ. ಮೊದಲು ಹಾಲು, ಆಮೇಲೆ ಸೋಡಾ, ಆಮೇಲೆ ಒಂದು ಕ್ಲಿನಿಕ್‌ನಲ್ಲಿ ಗ್ಯಾಸಿನ ಇಂಜೆಕ್ಷನ್. 11 ಗಂಟೆ ಹೊತ್ತಿಗೆ ನೋವು ಇಳೀತು. ಅದು ಸೋಡಾದಿಂದ ಅಲ್ಲ ಅತ್ತೆ. ತೂತಾದ ಕೆಲವು ಗಂಟೆ ಆದ್ಮೇಲೆ ಹೊಟ್ಟೆಯೊಳಗೆ ನೀರು ಒಸರಿ ಆಮ್ಲ ತೆಳುವಾಗುತ್ತೆ, ನೋವು ತಗ್ಗುತ್ತೆ. ಎಷ್ಟೋ ಮನೆಯವರು ಮೋಸ ಹೋಗೋದು ಆ ಹೊತ್ತಲ್ಲೇ. ಒಳಗೆ ಕೀವು ಕಟ್ಟೋಕೆ ಶುರುವಾಗಿರುತ್ತೆ. ನಾವು ಆಸ್ಪತ್ರೆ ಮುಟ್ಟಿದ್ದು ಮಾರನೇ ದಿನ 10ಕ್ಕೆ. 30 ಗಂಟೆ. ಎಕ್ಸ್‌ರೇಯಲ್ಲಿ ಲಿವರ್ ಮೇಲೆ ಬಿದಿಗೆ ಚಂದ್ರನ ಹಾಗೆ ಕಪ್ಪು ಗೆರೆ, ಜಠರದಿಂದ ಆಚೆ ಬಂದ ಗಾಳಿ. ಹೊಲಿಗೆ ಸರಿಯಾಗೇ ಕೂತಿತ್ತು, ಕೊನೇವರೆಗೂ ಬಿಚ್ಚಲಿಲ್ಲ. ನಂಜು ರಕ್ತಕ್ಕೆ ಸೇರಿ ಮೂತ್ರ ನಿಂತು ಆರನೇ ದಿನ ಹೋದ್ರು.
ಡೆನ್ಮಾರ್ಕ್‌ನಲ್ಲಿ ಇಂಥ 2668 ರೋಗಿಗಳ ದಾಖಲೆ ನೋಡಿದ್ದಾರೆ. ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ಒಂದೊಂದು ಗಂಟೆ ತಡವಾದಷ್ಟೂ ಬದುಕೋ ಸಾಧ್ಯತೆ ಹಿಂದಿನ ಗಂಟೆಗಿಂತ ಶೇಕಡಾ 2.4ರಷ್ಟು ಇಳೀತಿತ್ತು. ನಾವು ಮನೆಯಲ್ಲೇ ಒಂದು ಹಗಲು, ಒಂದು ರಾತ್ರಿ ಕಳೆದ್ವಿ.

ದೊಡ್ಡಪ್ಪ, 7:25: ಆ ಸೋಡಾ ತಂದುಕೊಟ್ಟವನು ನಾನೇ ಮಗಳೇ.

ನಾನು: ಗೊತ್ತು ದೊಡ್ಡಪ್ಪ. ನಿಮ್ಮನ್ನ ದೂರ್ತಿಲ್ಲ. ದಿನಾ ನಾಲ್ಕು ಜನರ ಹೊಟ್ಟೆ ಮುಟ್ಟಿ ನೋಡೋ ನಾನೇ ಅವತ್ತು ಫೋನಲ್ಲಿ "ಹೊಟ್ಟೆ ಹಲಗೆ ಥರ ಗಟ್ಟಿ ಇದೆಯಾ" ಅಂತ ಒಂದು ಮಾತು ಕೇಳಲಿಲ್ಲ. "ಗ್ಯಾಸ್, ಈಗ ಕಮ್ಮಿ" ಅಂದ್ರು, ಸುಮ್ಮನಾದೆ.

ದೊಡ್ಡಪ್ಪ: ಆದ್ರೂ ಒಂದು ಪ್ರಶ್ನೆ. ಹೊಲಿಸಿಕೊಂಡವರಿಗೂ ಮತ್ತೆ ಹುಣ್ಣು ಬರುತ್ತಂತಲ್ಲ?

ನಾನು: ಬರೀ ಹೊಲಿದು ಬಿಟ್ರೆ ಬರುತ್ತೆ, ಕ್ರಿಮಿ ಒಳಗೇ ಇರುತ್ತಲ್ಲ. ಹಾಂಗ್‌ಕಾಂಗ್‌ನವರು 2000ದಲ್ಲಿ ತೋರಿಸಿದ್ರು: ತೂತು ಹೊಲಿದ ಕ್ರಿಮಿ ಸೋಂಕಿನ ರೋಗಿಗಳಲ್ಲಿ ಬರೀ ಆಮ್ಲ ತಗ್ಗಿಸೋ ಮಾತ್ರೆ ಕೊಟ್ಟವರಲ್ಲಿ ವರ್ಷದೊಳಗೆ ಶೇಕಡಾ 38.1 ಜನಕ್ಕೆ ಹುಣ್ಣು ಮರಳಿತು, ಕ್ರಿಮಿಗೂ ಔಷಧಿ ಕೊಟ್ಟವರಲ್ಲಿ 4.8. ಡಿಸ್ಚಾರ್ಜ್ ಆದ್ಮೇಲೆ ಆ ಕೋರ್ಸ್ ಅರ್ಧಕ್ಕೇ ಬಿಟ್ಟು ವಾಪಸ್ ಬಂದವರನ್ನ ಕಂಡಿದೀನಿ, ನೋಡಿ ನನಗೇ ಹೊಟ್ಟೆ ಉರಿಯುತ್ತೆ.

ಅತ್ತೆ: ನಾನೂ ಮಂಡಿಗೆ ಮೆಡಿಕಲ್ ಶಾಪಿನ ಮಾತ್ರೆನೇ ತಗೋತಿದೀನಲ್ಲೇ. ಫೋಟೋ ಹಾಕಿದೀನಿ ನೋಡು.

ನಾನು: ಡೈಕ್ಲೋಫೆನಾಕ್, ಇದೂ ಜಠರ ಸವೆಸೋ ನೋವಿನ ಮಾತ್ರೆನೇ. ಎಷ್ಟು ದಿನದಿಂದ? ಮಲ ಡಾಂಬರಿನ ಥರ ಕಪ್ಪಗೆ ಹೋಗ್ತಿದೆಯಾ? ಹುಣ್ಣಿಂದ ಒಳಗೇ ರಕ್ತ ಸೋರಿದ್ರೆ ಹಾಗಾಗುತ್ತೆ.

ಅತ್ತೆ: ಯುಗಾದಿಯಿಂದ. ಒಂದು ವಾರದಿಂದ ಕಪ್ಪಗೇ ಹೋಗ್ತಿದೆ. ಕಬ್ಬಿಣಾಂಶದ ಮಾತ್ರೆಗೆ ಅಂದ್ಕೊಂಡಿದ್ದೆ. ಎದ್ದರೆ ತಲೆ ಸುತ್ತುತ್ತೆ.

ನಾನು: ಆ ನೋವಿನ ಮಾತ್ರೆ ಈಗಲೇ ನಿಲ್ಸಿ. ಏನೂ ತಿನ್ನಬೇಡಿ. ಫೋನ್ ಮಾಡ್ತಿದೀನಿ, ಎತ್ತಿ.

ದೊಡ್ಡಪ್ಪ: ಕಾರು ತೆಗೆದೆ. ಹತ್ತು ನಿಮಿಷದಲ್ಲಿ ಅವಳ ಮನೆ ಹತ್ರ ಇರ್ತೀನಿ. ಯಾವ ಆಸ್ಪತ್ರೆಗೆ ಅಂತ ಹೇಳು.